ಕಂಪ್ಯೂಟರ್ ಕೊಟ್ಟಿರಿ, ಬ್ಯಾಟರಿಗೆ ದುಡ್ಡು ಯಾರು ಕೊಡುತ್ತಾರೆ?

ಮಾನ್ಯ ಶಿಕ್ಷಣ ಸಚಿವರಿಗೆ,
ಹಣಕಾಸು ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,
ತಮ್ಮ ನಿಧಿಯಿಂದ ಶಾಲೆಗಳಿಗೆ ಕಂಪ್ಯೂಟರ್ ಕೊಡಿಸುವ ಮಾನ್ಯ ಶಾಸಕರಿಗೆ ಮತ್ತು ಸಂಸದರಿಗೆ,

ವಿಷಯ: ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳಿಗೆ ಖರೀದಿಯ ಹಣದ ಜೊತೆಗೆ ನಿರ್ವಹಣೆಯ ಹಣವನ್ನೂ ಕಾಯಂ ಆಗಿ ಒದಗಿಸುವ ಬಗ್ಗೆ.

ಮಾನ್ಯರೇ,

ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಕಂಪ್ಯೂಟರ್ ಮತ್ತು ಯುಪಿಎಸ್ ರಿಪೇರಿ ನನ್ನ ಕಸುಬು. ಮಗಳು ಓದುವ ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯನೂ ಹೌದು. ಹೀಗಾಗಿ ಸುತ್ತಮುತ್ತಲ ಶಾಲೆಗಳ ಮೇಷ್ಟ್ರುಗಳು ಏನಾದರೂ ಕೆಟ್ಟರೆ ನನಗೇ ಫೋನ್ ಮಾಡುತ್ತಾರೆ. ಆ ಕೊಠಡಿಗಳ ಒಳಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಶಾಲೆ, ಯಾವ ಕಂಪನಿ ಅಂತ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿನ ಹೆಡ್‌ಮಾಸ್ಟರಿಗೆ ನೋಟಿಸ್ ಬರುತ್ತದೆ, ಕೊಠಡಿ ಮಾತ್ರ ಹಾಗೇ ಇರುತ್ತದೆ. ನನ್ನ ದೂರು ಅವರ ಮೇಲಲ್ಲ. ಹಣ ಕೊಡುವ ರೀತಿಯ ಮೇಲೆ.

ದೂರು ಇಷ್ಟು: ಶಾಲೆಗೆ ಯಂತ್ರ ಕೊಳ್ಳಲು ಹಣ ಸಿಗುತ್ತದೆ. ಆ ಯಂತ್ರವನ್ನು ನಡೆಸಿಕೊಂಡು ಹೋಗಲು ಸಿಗುವುದಿಲ್ಲ. ಸಿಕ್ಕರೂ ಕೆಲವೇ ವರ್ಷ, ಅದೂ ಶಾಲೆಯ ಕೈಗೆ ಅಲ್ಲ.

ಒಂದು ಲ್ಯಾಬ್ ಹೇಗೆ ನಿಂತುಹೋಗುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಧಾನಸೌಧಕ್ಕೆ ಹೋಗುವ ಕಡತದಲ್ಲಿ ಇದು ಇರುವುದಿಲ್ಲ. ಮೊದಲು ಹೋಗುವುದು ಕಂಪ್ಯೂಟರ್ ಅಲ್ಲ, ಯುಪಿಎಸ್ ಬ್ಯಾಟರಿ. ನಮ್ಮ ಹಳ್ಳಿಗಳ ಕರೆಂಟಿಗೆ ಯುಪಿಎಸ್ ಇಲ್ಲದೆ ಲ್ಯಾಬ್ ನಡೆಸುವ ಧೈರ್ಯ ಯಾರೂ ಮಾಡುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ ಬಾಳುತ್ತದೆ. ನೋಡಿಕೊಳ್ಳುವುದು ಅಂದರೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಟರ್ಮಿನಲ್ ಮೇಲೆ ಕೂರುವ ಪುಡಿ ತೆಗೆದು ಗ್ರೀಸ್ ಸವರಬೇಕು. ಎಲ್ಲಕ್ಕಿಂತ ಮುಖ್ಯ, ಚಾರ್ಜ್ ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡಬಾರದು. ಬೇಸಿಗೆ ರಜೆಯಲ್ಲಿ ಆಗುವುದು ಇದೇ. ಏಪ್ರಿಲ್‌ನಲ್ಲಿ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುತ್ತಾರೆ. ಶಾರ್ಟ್ ಸರ್ಕ್ಯೂಟ್ ಭಯ, ತಪ್ಪಲ್ಲ. ಮೇ ಕೊನೆಗೆ ಬಾಗಿಲು ತೆಗೆಯುವ ಹೊತ್ತಿಗೆ ಬ್ಯಾಟರಿ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿ ಕೂತಿರುತ್ತದೆ. ಆಮೇಲೆ ದಿನವಿಡೀ ಚಾರ್ಜ್‌ಗೆ ಹಾಕಿದರೂ ಕರೆಂಟ್ ಹೋದ ಎರಡೇ ನಿಮಿಷಕ್ಕೆ ಯುಪಿಎಸ್ ಕೂಗಿ ಕೈ ಎತ್ತುತ್ತದೆ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಕೆಟ್ಟರೆ ಉಳಿದವು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಎರಡನೆಯದು ಅರ್ಥಿಂಗ್. ಲ್ಯಾಬ್ ಮಾಡುವಾಗ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ಥ್ ಕೊಟ್ಟಿರುತ್ತಾರೆ. ಒಂದೆರಡು ಬೇಸಿಗೆಗೆ ಅದು ಒಣಗುತ್ತದೆ. ನೀರು ಹಾಕಬೇಕು ಅಂತ ಯಾರೂ ಹೇಳಿರುವುದಿಲ್ಲ. ಆಮೇಲೆ ಸಿಪಿಯು ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಬರಿಗಾಲಲ್ಲಿ ಕೂತ ಮಕ್ಕಳಿಗೆ ಇನ್ನೂ ಜಾಸ್ತಿ, ಯಾಕೆಂದರೆ ಧೂಳು ಬರುತ್ತದೆ ಅಂತ ಚಪ್ಪಲಿಯನ್ನು ಹೊರಗೆ ಬಿಡಿಸಿರುತ್ತಾರೆ. ಒಂದು ಮಗು ‘ಸಾರ್, ಶಾಕ್ ಹೊಡೀತು’ ಅಂದ ದಿನವೇ ಆ ಲ್ಯಾಬ್‌ಗೆ ಬೀಗ. ಯಾವ ಮೇಷ್ಟ್ರು ತಾನೇ ಆ ಜವಾಬ್ದಾರಿ ತಲೆ ಮೇಲೆ ಹಾಕಿಕೊಳ್ಳುತ್ತಾರೆ? ನಾನಾಗಿದ್ದರೂ ಬೀಗವೇ ಹಾಕುತ್ತಿದ್ದೆ. ಅರ್ಥಿಂಗ್ ಸರಿ ಮಾಡುವುದು ಒಂದು ದಿನದ ಕೆಲಸ.

ಮೂರನೆಯದು ಕೇಳಿದರೆ ನಗು ಬರುತ್ತದೆ. ಪ್ರತಿ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ. ಸಿಆರ್ 2032 ಅಂತ ಅದರ ಹೆಸರು. ಕಂಪ್ಯೂಟರ್ ಆಫ್ ಆಗಿದ್ದಾಗ ದಿನಾಂಕ, ಸಮಯವನ್ನು ಉಳಿಸಿಕೊಳ್ಳುವುದು ಅದೇ. ಕೆಲವು ವರ್ಷಕ್ಕೆ ಅದು ಖಾಲಿ. ಖಾಲಿಯಾದರೆ ಕಂಪ್ಯೂಟರ್ ಆನ್ ಮಾಡಿದಾಗ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತದೆ. ದಿನಾಂಕ ತಪ್ಪಿದರೆ ಬ್ರೌಸರ್ ಯಾವ ಸುರಕ್ಷಿತ ಜಾಲತಾಣವನ್ನೂ ತೆರೆಯುವುದಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಎಫ್1 ಒತ್ತುವ ತನಕ ವಿಂಡೋಸೇ ಶುರುವಾಗುವುದಿಲ್ಲ. ಗೊತ್ತಿಲ್ಲದವರು ‘ಕಂಪ್ಯೂಟರ್ ಹಾಳಾಗಿದೆ’ ಅಂತ ಬರೆದು ಪಕ್ಕಕ್ಕೆ ಇಡುತ್ತಾರೆ. ಆ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ, ನೂರು ರೂಪಾಯಿಯ ಒಳಗೆ. ಅದನ್ನು ಹಾಕಲು ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮನುಷ್ಯ ಐದು ನಿಮಿಷ ಬೇಕು. ಬೆಂಚಿನ ಮೇಲೆ ಗೋಣಿಚೀಲ ಹೊದ್ದು ಮಲಗಿರುವ ಎಷ್ಟೋ ಕಂಪ್ಯೂಟರುಗಳಿಗೆ ಇರುವ ರೋಗ ಇಷ್ಟೇ. ಲ್ಯಾನ್ ಕೇಬಲ್ ಕಡಿಯುವ ಇಲಿ, ಯುಪಿಎಸ್ ಒಳಗೆ ಬೆಚ್ಚಗೆ ಮಲಗಿ ಬೋರ್ಡ್ ಸುಡುವ ಹಲ್ಲಿಗಳ ವಿಷಯ ಬಿಡಿ.

ಇವೆಲ್ಲ ಸಣ್ಣ ರಿಪೇರಿಗಳು. ಆದರೂ ಯಾಕೆ ಆಗುವುದಿಲ್ಲ?

ನಾನು ಕೇಳಿದ ಹೆಡ್‌ಮಾಸ್ಟರುಗಳ ಉತ್ತರ ಹೆಚ್ಚುಕಡಿಮೆ ಒಂದೇ. ವಾರಂಟಿ ಇದ್ದಾಗ ಡಬ್ಬಿ ಬಿಚ್ಚಿದರೆ ವಾರಂಟಿ ಹೋಗುತ್ತದೆ, ಕಂಪನಿಯವರೇ ಬರಬೇಕು. ಕಂಪನಿಯ ನಂಬರಿಗೆ ಮಾಡಿದರೆ ದೂರಿನ ಸಂಖ್ಯೆ ಮಾತ್ರ ಬರುತ್ತದೆ. ವಾರಂಟಿ ಮುಗಿದ ಮೇಲೆ ಖರ್ಚು ಮಾಡಲು ಶಾಲೆಗೆ ಲೆಕ್ಕದ ಶೀರ್ಷಿಕೆಯೇ ಇಲ್ಲ. ಇರುವುದು ಸಮಗ್ರ ಶಿಕ್ಷಣ ಅನ್ನುವ ಕೇಂದ್ರ-ರಾಜ್ಯ ಯೋಜನೆಯ ಸಂಯುಕ್ತ ಶಾಲಾ ಅನುದಾನ. ಅದರ ಲೆಕ್ಕ ನಿಮಗೆ ಗೊತ್ತೇ ಇದೆ, ಆದರೂ ಓದುವ ಜನರಿಗಾಗಿ ಬರೆಯುತ್ತೇನೆ. 30ರೊಳಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100 ಮಕ್ಕಳಿಗೆ 25,000. 101ರಿಂದ 250ಕ್ಕೆ 50,000. 251ರಿಂದ 1,000 ಮಕ್ಕಳ ತನಕ 75,000. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಬಲ್ಬು, ನಲ್ಲಿ, ಪ್ರಯೋಗಾಲಯದ ಸಾಮಾನು, ಸುಣ್ಣ ಬಣ್ಣ ಎಲ್ಲ ಆಗಬೇಕು. ತೊಂಬತ್ತು ಮಕ್ಕಳ ಶಾಲೆಯೊಂದು ಎಂಟು ಬ್ಯಾಟರಿಯ ಸೆಟ್ ಬದಲಿಸಲು ಹೊರಟರೆ ಆ ವರ್ಷದ ಅನುದಾನ ಅಲ್ಲಿಗೇ ಮುಗಿಯಿತು. ಮಕ್ಕಳ ಶೌಚಾಲಯದ ಬಾಗಿಲು ಮುರಿದಿರುವಾಗ ಬ್ಯಾಟರಿ ತನ್ನಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೇಳಲು ನನಗೇ ಬಾಯಿ ಬರುವುದಿಲ್ಲ.

ಕಂಪ್ಯೂಟರ್ ಕೊಠಡಿಗೆ ಪ್ರತ್ಯೇಕ ಹಣವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಮಗ್ರ ಶಿಕ್ಷಣದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯಲ್ಲಿ ಒಂದು ಶಾಲೆಗೆ ಲ್ಯಾಬ್ ಸ್ಥಾಪನೆಗೆ 6.40 ಲಕ್ಷ ರೂಪಾಯಿ ತನಕ, ಆಮೇಲೆ ವರ್ಷಕ್ಕೆ 2.40 ಲಕ್ಷದಂತೆ ಐದು ವರ್ಷ ಕೊಡಲು ಅವಕಾಶ ಇದೆ. ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಕಾಗದದ ಮೇಲೆ ಒಳ್ಳೆಯ ಯೋಜನೆ. ತೊಂದರೆ ಎರಡು ಕಡೆ ಇದೆ. ಆ 2.40 ಲಕ್ಷದೊಳಗೇ ಬೋಧಕರ ಸಂಬಳ, ಕರೆಂಟ್, ಇಂಟರ್‌ನೆಟ್ ಎಲ್ಲ ಬರಬೇಕು. ಸಂಬಳ ಕಳೆದರೆ ರಿಪೇರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಇನ್ನೊಂದು, ಐದು ವರ್ಷ ಆದ ಮೇಲೆ ಏನು? ಬ್ಯಾಟರಿ, ಹಾರ್ಡ್ ಡಿಸ್ಕ್, ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಎಲ್ಲ ಒಟ್ಟಿಗೆ ಕೈ ಕೊಡಲು ಶುರು ಮಾಡುವುದು ಸರಿಯಾಗಿ ಆ ಹೊತ್ತಿಗೆ. ಅಲ್ಲಿಗೇ ಹಣವೂ ನಿಲ್ಲುತ್ತದೆ. ಮಗುವಿಗೆ ಐದು ವರ್ಷ ಊಟ ಹಾಕಿ, ಶಾಲೆಗೆ ಸೇರಿಸುವ ದಿನ ಮನೆಯಿಂದ ಆಚೆ ಹಾಕಿದ ಹಾಗೆ.

ಇಂಥದ್ದನ್ನು ಸರಿಯಾಗಿ ಯೋಚಿಸಿದ ಯೋಜನೆ ನಮ್ಮಲ್ಲೇ ಇದೆ. ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಕೊಡುವ 20 ಲಕ್ಷದಲ್ಲಿ 10 ಲಕ್ಷ ಸ್ಥಾಪನೆಗೆ, ಇನ್ನು 10 ಲಕ್ಷ ನಡೆಸುವುದಕ್ಕೆ ಅಂತ ಮೊದಲೇ ಭಾಗ ಮಾಡಿದ್ದಾರೆ. ಅರ್ಧಕ್ಕರ್ಧ. ಆ ಲ್ಯಾಬ್‌ಗಳೆಲ್ಲ ಚೆನ್ನಾಗಿ ನಡೆಯುತ್ತಿವೆ ಅಂತ ನಾನು ಹೇಳಲು ಹೋಗುವುದಿಲ್ಲ. ಆದರೆ ಯಂತ್ರ ನಡೆಸುವುದಕ್ಕೂ ಕೊಂಡಷ್ಟೇ ಖರ್ಚು ಬರುತ್ತದೆ ಅನ್ನುವುದನ್ನು ಸರ್ಕಾರವೇ ಒಮ್ಮೆ ಒಪ್ಪಿಕೊಂಡ ಹಾಗಾಯಿತಲ್ಲ? ಅದೇ ಲೆಕ್ಕ ಮಾಮೂಲಿ ಕಂಪ್ಯೂಟರ್ ಕೊಠಡಿಗೆ ಯಾಕೆ ಬೇಡ?

ಬೋಧಕರ ವಿಷಯ. ಈ ದೇಶದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೆಲಸ ಶುರುವಾಗಿದ್ದು ನಿನ್ನೆ ಮೊನ್ನೆ ಅಲ್ಲ. 1984ರಲ್ಲೇ ‘ಕ್ಲಾಸ್’ ಅನ್ನುವ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದಿದ್ದವು. ನಮ್ಮ ರಾಜ್ಯದಲ್ಲಿ ‘ಮಾಹಿತಿ ಸಿಂಧು’ ಬಂತು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. 2018ರಿಂದ ಅದು ಸಮಗ್ರ ಶಿಕ್ಷಣದೊಳಗೆ ಸೇರಿತು. ನಡುವೆ ಇನ್ನೂ ಕೆಲವು ಬಂದು ಹೋದವು. ಹಳೇ ಲ್ಯಾಬ್‌ಗಳ ಬಾಗಿಲ ಮೇಲೆ ನೋಡಿ, ಒಂದು ಯೋಜನೆಯ ಹೆಸರಿನ ಮೇಲೆ ಇನ್ನೊಂದರ ಹೆಸರು ಬರೆದಿರುತ್ತಾರೆ, ಕೆಳಗಿನ ಅಕ್ಷರ ಇನ್ನೂ ಇಣುಕುತ್ತಿರುತ್ತದೆ. ಇದರಲ್ಲಿ ಬಹಳಷ್ಟು ಕೆಲಸ ಗುತ್ತಿಗೆಯಲ್ಲಿ ನಡೆಯಿತು. ಕಂಪನಿ ಲ್ಯಾಬ್ ಹಾಕುತ್ತದೆ, ಬೋಧಕರನ್ನೂ ಅದೇ ಇಡುತ್ತದೆ, ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಬಿಟ್ಟು ಹೋಗುತ್ತದೆ. ‘ಬೂಟ್’ ಮಾದರಿ ಅಂತ ಅದಕ್ಕೆ ಹೆಸರು. ಬಿಟ್ಟು ಹೋಗುವುದು ಹಳೇ ಸಾಮಾನು ಮಾತ್ರ. ಬೋಧಕರು ಮನೆಗೆ ಹೋಗುತ್ತಾರೆ. ಐದು ವರ್ಷ ಆ ಲ್ಯಾಬಿನ ಒಂದೊಂದು ವೈರ್ ಗೊತ್ತಿದ್ದ ಹುಡುಗಿ ಆಮೇಲೆ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದನ್ನು ನಾನು ಕಂಡಿದ್ದೇನೆ. ಆಕೆಗೆ ಕೊಡುತ್ತಿದ್ದ ಸಂಬಳ ಜಾಸ್ತಿಯೇನೂ ಇರಲಿಲ್ಲ.

ಆಮೇಲೆ ಲ್ಯಾಬಿನ ಜವಾಬ್ದಾರಿ ಗಣಿತದ ಮೇಷ್ಟ್ರಿಗೋ ವಿಜ್ಞಾನದ ಮೇಡಂಗೋ ಬರುತ್ತದೆ. ಅವರಿಗೆ ತಮ್ಮ ಪಾಠವೇ ಮುಗಿಯುವುದಿಲ್ಲ. ಇಡೀ ಲ್ಯಾಬಿನಲ್ಲಿ ಚೆನ್ನಾಗಿರುವ ಒಂದು ಕಂಪ್ಯೂಟರ್ ಆಫೀಸ್ ರೂಮಿಗೆ ಹೋಗುತ್ತದೆ, ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಮಕ್ಕಳ ವಿವರ ತುಂಬಬೇಕಲ್ಲ. ಮಕ್ಕಳ ಹೆಸರಲ್ಲಿ ಬಂದ ಕಂಪ್ಯೂಟರಿನಲ್ಲಿ ಮಕ್ಕಳ ಹೆಸರು ತುಂಬುವ ಕೆಲಸ ಮಾತ್ರ ನಡೆಯುತ್ತದೆ.

ಇನ್ನು ಹಣ ಬರುವ ಕಾಲ. ಮಾರ್ಚ್ ಎಂಡ್ ಅಂದರೆ ನಮ್ಮಂಥ ಅಂಗಡಿಯವರಿಗೆ ಹಬ್ಬ. ವರ್ಷವಿಡೀ ಬಾರದ ಹಣ ಕೊನೆಯ ವಾರಗಳಲ್ಲಿ ಬರುತ್ತದೆ. 31ರೊಳಗೆ ಖರ್ಚು ತೋರಿಸಿ ಹಣ ಬಳಕೆಯ ಪ್ರಮಾಣಪತ್ರ (ಯುಸಿ) ಕೊಡಬೇಕು, ಇಲ್ಲದಿದ್ದರೆ ವಾಪಸ್. ಆಗ ಶಾಲೆಗೆ ಬೇಕಾದದ್ದನ್ನು ತರುವುದಿಲ್ಲ, ಆ ವಾರ ಸಿಗುವುದನ್ನು ತರುತ್ತಾರೆ. ಎಪ್ರಿಲ್‌ನಲ್ಲಿ ರಜೆ. ಡಬ್ಬಿ ಬಿಚ್ಚುವುದು ಜೂನ್‌ನಲ್ಲಿ. ಆ ಹೊತ್ತಿಗೆ ವಾರಂಟಿಯಲ್ಲಿ ಎರಡು ಮೂರು ತಿಂಗಳು ಸುಮ್ನೆ ಹೋಗಿರುತ್ತದೆ. ನನ್ನ ವ್ಯಾಪಾರಕ್ಕೆ ಇದರಿಂದ ಲಾಭವೇ. ಆದರೂ ಹೇಳುತ್ತಿದ್ದೇನೆ, ಇದು ನಿಲ್ಲಬೇಕು.

ಶಾಸಕರಿಗೂ ಸಂಸದರಿಗೂ ಒಂದು ಮಾತು. ನೀವು ಕೊಡಿಸುವ ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್‌ಗಳ ಬಗ್ಗೆ ಊರಿನವರಿಗೆ ಕೃತಜ್ಞತೆ ಇದೆ. ಉದ್ಘಾಟನೆಯ ದಿನ ಗೋಡೆ ಮೇಲೆ ‘ಕೊಡುಗೆ’ ಅಂತ ಹೆಸರೂ ಬರುತ್ತದೆ. ಬ್ಯಾಟರಿಗೆ, ಅರ್ಥಿಂಗ್‌ಗೆ, ಪ್ರೊಜೆಕ್ಟರ್ ಬಲ್ಬಿಗೆ ಹೆಸರು ಬರೆಸುವ ಜಾಗ ಇಲ್ಲ, ಅದಕ್ಕೇ ಅವನ್ನು ಯಾರೂ ಕೊಡಿಸುವುದಿಲ್ಲ ಅಂತ ನನ್ನ ಅನುಮಾನ. ಒಬ್ಬ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ನಿಮ್ಮ ಕ್ಷೇತ್ರದಲ್ಲಿ ಈಗಾಗಲೇ ಇರುವ ಲ್ಯಾಬ್‌ಗಳನ್ನು ಎಬ್ಬಿಸಲು ಅದರಲ್ಲಿ ಸಣ್ಣ ಪಾಲು ಸಾಕು. ನಿಯಮ ಅಡ್ಡ ಬರುತ್ತದೆ ಅಂತಾದರೆ ನಿಯಮ ಬದಲಿಸಿ ಅಂತ ಸದನದಲ್ಲಿ ಕೇಳುವವರೂ ನೀವೇ ಅಲ್ವಾ?

ಅಂಕಿಸಂಖ್ಯೆಗಳ ಬಗ್ಗೆಯೂ ಹೇಳಬೇಕು. ಕೇಂದ್ರದ ಶಾಲಾ ಮಾಹಿತಿ ಸಂಗ್ರಹವಾದ ಯುಡೈಸ್ ಪ್ಲಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, ಶೇ 53.9ರಲ್ಲಿ ಇಂಟರ್‌ನೆಟ್ ಇತ್ತು. ಪತ್ರಿಕೆಗಳಲ್ಲಿ ಬಂದದ್ದು ಈ ಅಂಕಿ. ನಾನು ಹೋಗುವ ಶಾಲೆಗಳೂ ‘ಇದೆ’ ಅನ್ನುವ ಲೆಕ್ಕದಲ್ಲೇ ಸೇರಿರುತ್ತವೆ. ಗೋಣಿಚೀಲದ ಕೆಳಗೆ ಇರುವುದೂ ಇದ್ದ ಹಾಗೆಯೇ ತಾನೇ? ಕಳೆದ ವಾರ ಎಂಟನೇ ತರಗತಿಯ ಮಕ್ಕಳು ಎಷ್ಟು ಗಂಟೆ ಕೀಬೋರ್ಡ್ ಮುಟ್ಟಿದರು ಅಂತ ಯಾರೂ ಕೇಳುವುದಿಲ್ಲ. ನಾಲ್ಕು ಮಕ್ಕಳಿಗೆ ಒಂದು ಕಂಪ್ಯೂಟರ್ ಇದ್ದರೆ ಮೌಸ್ ಯಾವಾಗಲೂ ಒಬ್ಬನ ಕೈಯಲ್ಲೇ ಇರುತ್ತದೆ, ಆ ಒಬ್ಬ ಸಾಮಾನ್ಯವಾಗಿ ಹುಡುಗನೇ. ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಇದು ಯಾವ ಫಾರಂನಲ್ಲೂ ಬರುವುದಿಲ್ಲ.

‘ಈಗ ಎಲ್ಲರ ಮನೆಯಲ್ಲೂ ಫೋನ್ ಇದೆಯಲ್ಲ, ಲ್ಯಾಬ್ ಯಾಕೆ ಬೇಕು?’ ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದುಂಟು. ಫೋನ್ ಇರುವುದು ನಿಜ. ಹಳ್ಳಿ ಮಕ್ಕಳ ಕಲಿಕೆಯ ಬಗ್ಗೆ ನಡೆಯುವ ಅಸರ್ 2024ರ ಸಮೀಕ್ಷೆಯಲ್ಲಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅದನ್ನು ಬಳಸಲು ಬರುವ ಮಕ್ಕಳಲ್ಲಿ ಹಿಂದಿನ ವಾರ ಓದಿನ ಕೆಲಸಕ್ಕೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಫೋನಿನಲ್ಲಿ ಬೆರಳಾಡಿಸುವುದು ಬೇರೆ. ಒಂದು ಅರ್ಜಿ ಟೈಪ್ ಮಾಡುವುದು, ಲೆಕ್ಕದ ಹಾಳೆ ಮಾಡುವುದು, ಸಣ್ಣದೊಂದು ಪ್ರೋಗ್ರಾಂ ಬರೆದು ತಪ್ಪು ಹುಡುಕುವುದು ಬೇರೆ. ಖಾಸಗಿ ಶಾಲೆಯ ಮಕ್ಕಳು ಇದನ್ನು ಕಲಿತೇ ಕಾಲೇಜಿಗೆ ಬರುತ್ತಾರೆ. ನಮ್ಮ ಮಕ್ಕಳಿಗೆ ಲ್ಯಾಬ್ ಬಿಟ್ಟರೆ ಬೇರೆ ಜಾಗ ಇಲ್ಲ. ನಮ್ಮ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದನ್ನು ಹತ್ತನೇ ತರಗತಿ ಮುಗಿಸಿದ ಮಗು ಕಲಿತಿರಬೇಕು ಅಂತ ಬಯಸುವುದು ದೊಡ್ಡ ಆಸೆಯೇನಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಮಕ್ಕಳು ವರ್ಷವಿಡೀ ಪೇಂಟ್‌ನಲ್ಲಿ ಮನೆ, ಮರ, ಸೂರ್ಯ ಬಿಡಿಸಿ ಎದ್ದು ಹೋಗುತ್ತಾರೆ.

ಬರೀ ಯಂತ್ರ ಕೊಟ್ಟರೆ ಕಲಿಕೆ ಆಗುವುದಿಲ್ಲ ಅನ್ನುವುದಕ್ಕೆ ಪ್ರಪಂಚದಲ್ಲಿ ಉದಾಹರಣೆಗೆ ಕೊರತೆ ಇಲ್ಲ. ಪೆರು ದೇಶ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತ, ಭಾಷೆಯ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಕೊಡುವ ನೂರು ಕೋಟಿ ಡಾಲರ್ ಮೀರಿದ ಯೋಜನೆ ಶುರುವಾಗಿ, ಮುಂದಿನ ವರ್ಷವೇ ಮಗುಚಿತು. ಅದೇ ಅಮೆರಿಕದಲ್ಲಿ ನಿಂತು ಬಾಳಿದ ಯೋಜನೆಯೂ ಇದೆ, ‘ಇ-ರೇಟ್’ ಅಂತ. 1996ರ ದೂರಸಂಪರ್ಕ ಕಾನೂನಿನಡಿ ಬಂದದ್ದು. ಅದು ಕಂಪ್ಯೂಟರ್ ಹಂಚುವುದಿಲ್ಲ. ಶಾಲೆಯ ಇಂಟರ್‌ನೆಟ್ ಬಿಲ್ಲಿನಲ್ಲಿ ವರ್ಷ ವರ್ಷವೂ ರಿಯಾಯಿತಿ ಕೊಡುತ್ತದೆ. ಶೇ 20ರಿಂದ ಶುರುವಾಗಿ ಬಡಮಕ್ಕಳು ಹೆಚ್ಚಿರುವ ಶಾಲೆಗೆ ಶೇ 90ರ ತನಕ. ನಮ್ಮಲ್ಲಿ ಉಲ್ಟಾ, ಮಕ್ಕಳು ಕಮ್ಮಿ ಇರುವ ದೂರದ ಸಣ್ಣ ಶಾಲೆಗೆ ಶಾಲಾ ಅನುದಾನವೂ ಕಮ್ಮಿ.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿ, 2017ರಲ್ಲಿ ಅದನ್ನು ‘ಕೈಟ್’ ಅನ್ನುವ ಸರ್ಕಾರಿ ಕಂಪನಿಯಾಗಿಸಿದರು. ಹೆಸರು ಬದಲಾಯಿತು, ಕೆಲಸ ಮುರಿಯಲಿಲ್ಲ. ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ ಬಳಸುತ್ತಾರೆ, ಲೈಸೆನ್ಸಿಗೆ ದುಡ್ಡಿಲ್ಲ. ‘ಲಿಟ್ಲ್ ಕೈಟ್ಸ್’ ಅಂತ ಮಕ್ಕಳದ್ದೇ ಐಟಿ ಕ್ಲಬ್ ಮಾಡಿದ್ದಾರೆ. ನಮ್ಮಲ್ಲಿ ತಂತ್ರಾಂಶವೇ ಈಗ ದೊಡ್ಡ ತಲೆನೋವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರುವ ಹೊಸ ಪ್ರೊಸೆಸರ್ ಬೇಕು. ಶಾಲೆಗಳ ಹಳೇ ಕಂಪ್ಯೂಟರುಗಳಲ್ಲಿ ಅದು ಇಲ್ಲ. ಇವನ್ನೆಲ್ಲ ಎಸೆದು ಹೊಸದು ಕೊಳ್ಳಿ ಅಂತ ಯಾರಾದರೂ ಕಡತ ತಂದರೆ ದಯವಿಟ್ಟು ಸಹಿ ಹಾಕುವ ಮೊದಲು ಯೋಚಿಸಿ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಇಳಿಸಿದರೆ ಅವುಗಳಲ್ಲಿ ಬಹುಪಾಲು ಇನ್ನೂ ಹಲವು ವರ್ಷ ದುಡಿಯುತ್ತವೆ. ನಾನೇ ಮಾಡಿ ನೋಡಿದ್ದೇನೆ. ಏಳೆಂಟು ವರ್ಷದ ಕಂಪ್ಯೂಟರ್, ಆನ್ ಆಗಲು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷದಲ್ಲಿ ಎದ್ದಿತು. ಮಕ್ಕಳಿಗೆ ಹೊಸ ಪರದೆ ಹೊಂದಿಸಿಕೊಳ್ಳಲು ಒಂದೇ ತರಗತಿ ಸಾಕಾಯಿತು. ದೊಡ್ಡವರಿಗೆ ಸ್ವಲ್ಪ ಜಾಸ್ತಿ ದಿನ ಹಿಡಿಯಿತು, ಆ ಮಾತು ಬೇರೆ.

ನಿಜವಾಗಿಯೂ ಸತ್ತ ಕಂಪ್ಯೂಟರುಗಳಿವೆ. ಅವನ್ನು ಹೊರಗೆ ಹಾಕುವ ಹಾಗೂ ಇಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತು ಅಂತ ಇದ್ದರೆ ತಪಾಸಣೆಗೆ ಬಂದಾಗ ಹತ್ತು ತೋರಿಸಬೇಕು. ಸುಟ್ಟ ಮಾನಿಟರ್ ಆದರೂ ಸರಿ, ಎಣಿಕೆಗೆ ಸಿಗಬೇಕು. ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ, ಗುಜರಿಗೆ ಕೊಡುವಂತಿಲ್ಲ, ನೋಂದಾಯಿತ ಸಂಸ್ಥೆಗೇ ಕೊಡಬೇಕು. ಒಳ್ಳೆಯ ನಿಯಮ. ಆದರೆ ಹಳ್ಳಿಯ ಹೆಡ್‌ಮಾಸ್ಟರ್ ಆ ಸಂಸ್ಥೆಯನ್ನು ಎಲ್ಲಿ ಹುಡುಕಬೇಕು? ತರಗತಿಗೆ ಕೊಠಡಿ ಇಲ್ಲದೆ ಮಕ್ಕಳು ಜಗಲಿಯಲ್ಲಿ ಕೂರುವ ಶಾಲೆಯಲ್ಲಿ ಒಂದು ಇಡೀ ಕೊಠಡಿ ಸತ್ತ ಡಬ್ಬಿಗಳಿಗೆ ಮೀಸಲು.

ಮಾನ್ಯರೇ, ಇಷ್ಟು ಹೇಳಿದ ಮೇಲೆ ನಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಕೇಳುತ್ತೇನೆ.

ಮೊದಲನೆಯದು, ಉಳಿದೆಲ್ಲಕ್ಕಿಂತ ಮುಖ್ಯವಾದದ್ದು. ಲ್ಯಾಬ್ ಇರುವ ಪ್ರತಿ ಸರ್ಕಾರಿ ಶಾಲೆಗೆ ರಾಜ್ಯ ಬಜೆಟ್‌ನಲ್ಲಿ ಪ್ರತ್ಯೇಕ ನಿರ್ವಹಣಾ ಅನುದಾನ ಇಡಿ. ಮಕ್ಕಳ ಸಂಖ್ಯೆಯ ಮೇಲಲ್ಲ, ಯಂತ್ರಗಳ ಸಂಖ್ಯೆಯ ಮೇಲೆ. ಐದು ವರ್ಷಕ್ಕೆ ನಿಲ್ಲುವುದಲ್ಲ, ಲ್ಯಾಬ್ ಇರುವ ತನಕ. ಅದು ಜೂನ್‌ನಲ್ಲೇ ಶಾಲೆಯ ಖಾತೆಗೆ ಬರಲಿ. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಸಹಿಯಲ್ಲಿ ಸ್ಥಳೀಯವಾಗಿ ರಿಪೇರಿ ಮಾಡಿಸಲು ಅಧಿಕಾರ ಇರಲಿ. ನೂರು ರೂಪಾಯಿಯ ಸೆಲ್‌ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಪತ್ರ ಬರೆಯುವುದು ತಪ್ಪಲಿ. ಹಣ ದುರುಪಯೋಗ ಆಗುತ್ತದೆ ಅನ್ನುವ ಭಯ ನಿಮಗಿದ್ದರೆ, ಖರ್ಚಿನ ಬಿಲ್ಲನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ. ಊರವರು ನಿಮ್ಮ ಆಡಿಟರ್‌ಗಿಂತ ಚೆನ್ನಾಗಿ ಲೆಕ್ಕ ಕೇಳುತ್ತಾರೆ.

ಇನ್ನು ಮುಂದೆ ಕರೆಯುವ ಟೆಂಡರ್‌ಗಳಲ್ಲಿ ವಾರಂಟಿ ಐದು ವರ್ಷ ಇರಲಿ, ಬ್ಯಾಟರಿಯೂ ಸೇರಿ. ವಾರಂಟಿ ಶುರುವಾಗುವುದು ಬಿಲ್ಲಿನ ದಿನದಿಂದಲ್ಲ, ಮಕ್ಕಳು ಮೊದಲು ಕೂತ ದಿನದಿಂದ. ದೂರು ಕೊಟ್ಟ ಮೇಲೆ ಇಷ್ಟು ದಿನದೊಳಗೆ ಸರಿಯಾಗದಿದ್ದರೆ ದಿನಕ್ಕಿಷ್ಟು ದಂಡ ಅಂತ ಬರೆದಿರಲಿ. ಕಂಪನಿಗೆ ಕೊಡುವ ಹಣದಲ್ಲಿ ಒಂದು ಭಾಗ ತಡೆದಿಟ್ಟು, ‘ಲ್ಯಾಬ್ ನಡೆಯುತ್ತಿದೆ’ ಅಂತ ಎಸ್‌ಡಿಎಂಸಿ ಸಹಿ ಹಾಕಿದ ಮೇಲೇ ಕಂತು ಬಿಡಿ. ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ನಮ್ಮಲ್ಲಿ ಇದೆ. ಅದು ಕಡಿಮೆ ದರ ಯಾರದ್ದು ಅಂತ ನೋಡುವುದಕ್ಕೆ ಮಾತ್ರ ಬಳಕೆಯಾಗುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಮೂರನೇ ವರ್ಷಕ್ಕೆ ಯಾರ ಯಂತ್ರ ಬದುಕಿದೆ ಅನ್ನುವುದೂ ದರದ ಒಂದು ಭಾಗವೇ.

ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೆ ಒಬ್ಬ ತಂತ್ರಜ್ಞ ಬೇಕು. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವ ಹುಡುಗ ಹುಡುಗಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಒಂದು ಬೈಕು, ಒಂದು ಮಲ್ಟಿಮೀಟರು, ಒಂದು ಚೀಲ ಬಿಡಿಭಾಗ ಇದ್ದರೆ ಅವರು ಕ್ಲಸ್ಟರಿನ ಎಲ್ಲ ಶಾಲೆಗಳಿಗೂ ಸರದಿಯಲ್ಲಿ ಹೋಗಿ ಬರಬಹುದು. ಬೇಸಿಗೆ ರಜೆಯಲ್ಲಿ ವಾರಕ್ಕೊಮ್ಮೆ ಬ್ಯಾಟರಿ ಚಾರ್ಜ್ ಮಾಡಿಸುವ ಕೆಲಸವನ್ನೂ ಅವರಿಗೇ ಕೊಡಿ. ಸರ್ಕಾರಿ ಶಾಲೆಗಳಿಗೆ ಕರೆಂಟ್ ಉಚಿತ ಮಾಡಿದ್ದೀರಿ, ಒಳ್ಳೆಯದಾಯಿತು. ಅದರ ಜೊತೆಗೆ ವೈರಿಂಗ್, ಅರ್ಥಿಂಗ್ ತಪಾಸಣೆಯೂ ವರ್ಷಕ್ಕೊಮ್ಮೆ ಕಡ್ಡಾಯವಾಗಲಿ. ಮಕ್ಕಳ ಜೀವದ ಪ್ರಶ್ನೆ ಇದು.

ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವವರ ಹುದ್ದೆಯನ್ನು ಗುತ್ತಿಗೆಯ ಅವಧಿಗೆ ಕಟ್ಟಿಹಾಕಬೇಡಿ. ಎಲ್ಲ ಶಾಲೆಗೂ ಒಮ್ಮೆಲೇ ಆಗದಿದ್ದರೆ ಎರಡು ಮೂರು ಶಾಲೆಗೆ ಒಬ್ಬರಾದರೂ ಇರಲಿ. ಬಳಕೆಗೆ ಬಾರದ ಸಾಮಾನನ್ನು ವರ್ಷಕ್ಕೊಮ್ಮೆ ತಾಲ್ಲೂಕು ಮಟ್ಟದಲ್ಲಿ ಒಟ್ಟು ಮಾಡಿ, ರಿಜಿಸ್ಟರಿನಿಂದ ತೆಗೆದು, ಇ-ತ್ಯಾಜ್ಯಕ್ಕೆ ಕಳಿಸುವ ಕೆಲಸ ಇಲಾಖೆಯೇ ಮಾಡಲಿ. ರಿಪೇರಿಗೆ ಆಗುವ ಬಿಡಿಭಾಗಗಳನ್ನು ಆಗಲೇ ಬಿಚ್ಚಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಕೊನೆಯದಾಗಿ, ಹೊಸ ಖರೀದಿಗೆ ಒಂದು ರೂಪಾಯಿ ಇಡುವ ಮೊದಲು ಈಗಿರುವ ಲ್ಯಾಬ್‌ಗಳ ಲೆಕ್ಕ ತೆಗೆಸಿ. ಆದರೆ ಸುತ್ತೋಲೆ ಕಳಿಸಿ ಶಾಲೆಗಳಿಂದ ‘ಇದೆ/ಇಲ್ಲ’ ತುಂಬಿಸಬೇಡಿ. ಕರೆಂಟ್ ಹಾಕಿ, ಸ್ವಿಚ್ ಒತ್ತಿ, ಎಷ್ಟು ಯಂತ್ರ ಎದ್ದವು ಅಂತ ಎಣಿಸಲಿ. ಎದ್ದೇಳದ್ದಕ್ಕೆ ಕಾರಣ ಏನು, ಎಷ್ಟು ಖರ್ಚು ಅಂತ ಪಕ್ಕದಲ್ಲೇ ಬರೆಯಲಿ. ಆ ಪಟ್ಟಿಯನ್ನು ಶಾಲೆವಾರು ಸಾರ್ವಜನಿಕರ ಮುಂದೆ ಇಡಿ. ಮಾಹಿತಿ ಹಕ್ಕಿನಲ್ಲಿ ನಾವು ಕೇಳಿ ಪಡೆಯುವ ತನಕ ಕಾಯಬೇಡಿ.

ಈ ಎಣಿಕೆಗೆ ನಮ್ಮ ತಾಲ್ಲೂಕಿನಲ್ಲಿ ಕೈ ಜೋಡಿಸಲು ನಾನು ಮತ್ತು ನನ್ನಂತೆಯೇ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗೆಳೆಯರು ತಯಾರಿದ್ದೇವೆ. ಸಂಬಳ ಬೇಡ. ಬಿಇಒ ಅವರಿಂದ ಒಂದು ಅನುಮತಿ ಪತ್ರ ಕೊಡಿಸಿದರೆ ಸಾಕು, ದಸರಾ ರಜೆಯೊಳಗೆ ಮುಗಿಸಿ ಪಟ್ಟಿ ತಮ್ಮ ಕೈಗೆ ಕೊಡುತ್ತೇವೆ. ಮುಂದಿನ ಬಜೆಟ್‌ಗೆ ಇಲಾಖೆಯ ಬೇಡಿಕೆ ಹೋಗುವ ಮೊದಲು ಅದು ತಮ್ಮ ಮೇಜಿನ ಮೇಲೆ ಇರುತ್ತದೆ. ಉತ್ತರವನ್ನು ಎದುರು ನೋಡುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯ, ಕಂಪ್ಯೂಟರ್ ರಿಪೇರಿಯವನು